ಸಾಲ ತೀರಿಸಬೇಡಿ, ಪಕ್ಕದಲ್ಲಿ ಕೂರಿ

ಹೋದ ಸಂಚಿಕೆಯಲ್ಲಿ ಜೀತದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಭಜನಾ ಮಂಡಳಿಯವರು, ಮಸೀದಿ ಕಮಿಟಿಯವರು, ಚರ್ಚಿನ ಹುಡುಗರು, ಅಮೆರಿಕದಲ್ಲಿರುವವರು, ಎಲ್ಲರೂ ಬರೆದಿದ್ದಾರೆ. ಎಲ್ಲರೂ ಕೇಳಿರುವುದು ಹೆಚ್ಚು ಕಡಿಮೆ ಒಂದೇ ಮಾತು. ತಮ್ಮ ಹಕ್ಕಿಗಾಗಿ ತಾವೇ ಹೋರಾಡುತ್ತಿರುವ ಬಡವರ ಜೊತೆ, ದೇವರನ್ನು ನಂಬುವ ನಾವು ನಿಲ್ಲುವುದು ಹೇಗೆ? ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವಕ್ಕಷ್ಟೇ ಉತ್ತರ ಬರೆಯುತ್ತೇನೆ.

ಅಕ್ಕಾ, ನಮ್ಮ ಭಜನಾ ಮಂಡಳಿಯಲ್ಲಿ 22 ಜನ ಹೆಂಗಸರಿದ್ದೇವೆ. ಊರಾಚೆ ಒಂದು ಇಟ್ಟಿಗೆ ಗೂಡಿದೆ. ಅಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೂರು ವರ್ಷದಿಂದ ಇದ್ದಾರೆ. 40 ಸಾವಿರ ಮುಂಗಡ ತೆಗೆದುಕೊಂಡಿದ್ದರಂತೆ. ಸತ್ತರು ಕೆಟ್ಟರು ಅಂದರೂ ಊರಿಗೆ ಬಿಡುವುದಿಲ್ಲ. ನಾವೆಲ್ಲ ಚೀಟಿ ಹಣ ಸೇರಿಸಿ ಆ ಸಾಲ ತೀರಿಸಿಬಿಡೋಣ ಅಂತ ಮಾತಾಡಿಕೊಂಡಿದ್ದೇವೆ. ಸರೀನಾ?
— ಗೃಹಿಣಿ, ಚಿಕ್ಕಬಳ್ಳಾಪುರ ಜಿಲ್ಲೆ

ತಾಯಿ, ದಯವಿಟ್ಟು ಆ ಸಾಲ ತೀರಿಸಬೇಡಿ.

ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಯಾಕಂದ್ರೆ ಅದೇ ಕೆಲಸವನ್ನು ನಾನು ಮಾಡಿದ್ದೇನೆ. 1994ರಲ್ಲಿ ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಟೀಚರ್ ಆಗಿದ್ದೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಯುಗಾದಿ ಆದಮೇಲೆ ಶಾಲೆಗೆ ಬರಲಿಲ್ಲ. ವಿಚಾರಿಸಿದರೆ, ಅಪ್ಪ ಮದುವೆ ಖರ್ಚಿಗೆ ಮಾಡಿದ್ದ ಸಾಲಕ್ಕೆ ಮಗನನ್ನು ಒಂದು ತೋಟದ ಮನೆಯಲ್ಲಿ ದನ ಕಾಯಲು ಬಿಟ್ಟಿದ್ದ. ಸಾಲ 3,500 ರೂಪಾಯಿ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಂಬಳ ಬಂದ ದಿನವೇ ಹೋಗಿ ಆ ಧನಿಯ ಕೈಗೆ ಹಣ ಎಣಿಸಿ ಕೊಟ್ಟೆ. ಹುಡುಗ ಮಾರನೇ ದಿನ ಸ್ಲೇಟು ಹಿಡಿದು ಬಂದ. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ, ಏನೋ ಒಂದು ಒಳ್ಳೆಯ ಕೆಲಸ ಆಯಿತು ಅಂತ.

ಮುಂದಿನ ವರ್ಷ ಯುಗಾದಿಗೆ ಹುಡುಗ ಮತ್ತೆ ಕಾಣಲಿಲ್ಲ. ಅದೇ ತೋಟ, ಅದೇ ಧನಿ. ಈ ಸಲ ಸಾಲ 5,000. ನಾನು ಕೊಟ್ಟ ಹಣದಿಂದ ಏನಾಗಿತ್ತು ಹೇಳಿ. ಆ ಸಾಲ ನ್ಯಾಯವಾದದ್ದು, ಅದಕ್ಕೆ ಮಗುವನ್ನು ಒತ್ತೆ ಇಟ್ಟುಕೊಳ್ಳುವುದೂ ನ್ಯಾಯವೇ ಅಂತ ಊರ ಮುಂದೆ ನಾನೇ ಒಪ್ಪಿಕೊಂಡ ಹಾಗಾಗಿತ್ತು. ಟೀಚರಮ್ಮನೇ ಬಂದು ದುಡ್ಡು ಕಟ್ಟಿ ಬಿಡಿಸಿಕೊಂಡು ಹೋದಳಲ್ಲ!

ಕಾನೂನು ನನಗೆ ತಿಳಿದದ್ದು ಆಮೇಲೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಜೀತದ ಸಾಲ ಅನ್ನುವುದು ಆಗಲೇ ಸತ್ತುಹೋದ ಸಾಲ. ಅದನ್ನು ತೀರಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಸತ್ತ ಸಾಲಕ್ಕೆ ಧನಿ ಹಣ ಇಸಿದುಕೊಂಡರೆ ಅದೂ ಅಪರಾಧ. ಮೂರು ವರ್ಷದವರೆಗೆ ಜೈಲಾಗಬಹುದು. 'ಇದು ಜೀತ ಅಲ್ಲ, ಮುಂಗಡ ಅಷ್ಟೇ' ಅಂತ ಧನಿ ವಾದ ಮಾಡಿದರೆ ಅದನ್ನು ಸಾಬೀತು ಮಾಡುವ ಹೊಣೆ ಅವನದೇ, ಕೂಲಿಯವನದಲ್ಲ. 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಮಾತು ಹೇಳಿದೆ. ಬಡತನದ ಒತ್ತಡಕ್ಕೆ ಒಬ್ಬ ಮನುಷ್ಯ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪ್ರಕರಣ ಅದು. ಕೈಗೆ ಸರಪಳಿ ಹಾಕಿದ್ದರೆ ಮಾತ್ರ ಜೀತ ಅಂತಲ್ಲ.

ಎರಡನೇ ಸಲ ಆ ಹುಡುಗ ಬಿಡುಗಡೆಯಾದದ್ದು ನನ್ನಿಂದಲ್ಲ. ಪಕ್ಕದ ಹೋಬಳಿಯಲ್ಲಿ ಕೂಲಿಯವರದ್ದೇ ಒಂದು ಸಂಘ ಇತ್ತು. ಅದರಲ್ಲಿದ್ದವರೆಲ್ಲ ಹಿಂದೆ ತಾವೇ ಜೀತಕ್ಕಿದ್ದವರು. ಅವರು ಆ ಅಪ್ಪನ ಜೊತೆ ನಾಲ್ಕು ರಾತ್ರಿ ಕೂತು ಮಾತಾಡಿದರು. ಅವನಿಗೆ ಧೈರ್ಯ ಬರುವವರೆಗೂ ಅರ್ಜಿ ಬರೆಯಲಿಲ್ಲ. ಉಪವಿಭಾಗಾಧಿಕಾರಿಯ ಕಚೇರಿಗೆ ಹೋದ ದಿನ ನಾನೂ ಹೋಗಿದ್ದೆ. ಸಾಹೇಬರು ಕೇಳಿದ್ದಕ್ಕೆ ಆ ಅಪ್ಪ ತಲೆ ಬಗ್ಗಿಸಿ ನಿಂತುಬಿಟ್ಟ. ನನಗೆ ತಡೆಯಲಾಗಲಿಲ್ಲ, ಮಾತಾಡಲು ಬಾಯಿ ತೆರೆದೆ. ಸಂಘದ ಹೆಂಗಸೊಬ್ಬಳು ನನ್ನ ತೋಳು ಹಿಡಿದಳು. "ಮೇಡಂ, ಅವನೇ ಹೇಳ್ಲಿ" ಅಂದಳು. ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಹೇಳಿದ. ನಿಧಾನಕ್ಕೆ, ತಡವರಿಸುತ್ತಾ, ಆದರೆ ಎಲ್ಲವನ್ನೂ ಹೇಳಿದ.

ಅವತ್ತು ನಮ್ಮ ಜೊತೆ ಒಬ್ಬರು ವಯಸ್ಸಾದ ಪಾದ್ರಿ ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಬಂದವರು ಸಂಜೆ ಐದರವರೆಗೂ ಆ ಕಚೇರಿಯ ಬೆಂಚಿನ ಮೇಲೆ ಆ ಕುಟುಂಬದ ಪಕ್ಕದಲ್ಲಿ ಕೂತಿದ್ದರು. ಭಾಷಣ ಇಲ್ಲ, ಪ್ರಾರ್ಥನೆ ಇಲ್ಲ. ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣ ತರಿಸಿ ಎಲ್ಲರ ಜೊತೆ ನೆಲದ ಮೇಲೆ ಕೂತು ತಿಂದರು. ಬಿಳಿ ನಿಲುವಂಗಿಯವರು ಒಬ್ಬರು ಕೂತಿದ್ದಾರೆ ಅನ್ನುವುದಕ್ಕೇ ಗುಮಾಸ್ತರು ಆ ಕುಟುಂಬವನ್ನು 'ನಾಳೆ ಬಾ' ಅಂತ ಅಟ್ಟಲಿಲ್ಲ. ನಂಬಿಕೆಯ ಜನ ಏನು ಮಾಡಬಹುದು ಅಂತ ಯಾರಾದರೂ ಕೇಳಿದರೆ ನನಗೆ ಆ ಬೆಂಚು ನೆನಪಾಗುತ್ತದೆ.

ಈಗ ನಿಮ್ಮ ಇಟ್ಟಿಗೆ ಗೂಡಿನ ಮಾತಿಗೆ ಬರೋಣ. ಮೊದಲು ಆ ಹೆಂಡತಿಯ ಜೊತೆ ಮಾತಾಡಿ. ಸಂತೆಯಲ್ಲೋ ನೀರಿನ ಹತ್ತಿರವೋ ಸಿಕ್ಕಾಗ, ಒಬ್ಬರು ಅಥವಾ ಇಬ್ಬರು ಮಾತ್ರ. 22 ಜನ ಗುಂಪಾಗಿ ಗೂಡಿಗೆ ಹೋದರೆ ಅವತ್ತು ರಾತ್ರಿಯೇ ಮೇಸ್ತ್ರಿ ಅವರನ್ನು ಬೇರೆ ಗೂಡಿಗೆ ಸಾಗಿಸಿಬಿಡಬಹುದು. ಅವರಿಗೆ ಏನು ಬೇಕು, ಯಾವಾಗ ಬೇಕು, ಏನು ಭಯ ಅಂತ ಕೇಳಿ. ಅವರು 'ಈಗ ಬೇಡ' ಅಂದರೆ ಕಾಯಿರಿ, ಆದರೆ ಮಾತು ಬಿಡಬೇಡಿ. ಮಕ್ಕಳು ದುಡಿಯುತ್ತಿದ್ದರೆ ಮಾತ್ರ ಕಾಯುವುದು ಬೇಡ, 1098ಕ್ಕೆ ಫೋನ್ ಮಾಡಿ.

ಹತ್ತಿರದಲ್ಲಿ ಕೂಲಿಕಾರರ ಸಂಘಟನೆ ಯಾವುದಿದೆ ನೋಡಿ. ನಮ್ಮ ರಾಜ್ಯದಲ್ಲಿ 'ಜೀವಿಕ', ಅಂದರೆ ಜೀತ ವಿಮುಕ್ತಿ ಕರ್ನಾಟಕ, ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಇದೇ ಕೆಲಸ ಮಾಡುತ್ತಿದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ. ಉಚಿತ ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100.

ನಿಮ್ಮ ಚೀಟಿ ಹಣಕ್ಕೆ ನಿಜವಾದ ಕೆಲಸ ಇರುವುದು ಬಿಡುಗಡೆಯಾದ ಮಾರನೇ ದಿನದಿಂದ. ಬಿಡುಗಡೆ ಪತ್ರ ಕೈಗೆ ಬರುತ್ತದೆ, ಆದರೆ ಅಕ್ಕಿ ಡಬ್ಬಿ ಖಾಲಿ. ಸರ್ಕಾರದ ಯೋಜನೆಯಲ್ಲಿ ತಕ್ಷಣಕ್ಕೆ 30 ಸಾವಿರದವರೆಗೆ ಕೊಡಬೇಕು. ಪುನರ್ವಸತಿಗೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರವಾದ ಪ್ರಕರಣಗಳಲ್ಲಿ 3 ಲಕ್ಷ ಅಂತ ಇದೆ. ಆದರೆ ದೊಡ್ಡ ಮೊತ್ತ ಮೊಕದ್ದಮೆಯ ತೀರ್ಪಿಗೆ ಗಂಟು ಹಾಕಿಕೊಂಡಿರುತ್ತದೆ. ವರ್ಷಗಟ್ಟಲೆ ಎಳೆಯುತ್ತದೆ. ಆ ಸಮಯದಲ್ಲಿ ಮಗುವಿಗೆ ಜ್ವರ ಬಂದರೆ ಜನ ಮತ್ತೆ ಮುಂಗಡಕ್ಕೆ ಕೈ ಚಾಚುತ್ತಾರೆ. ಜೀತ ಮರುಕಳಿಸುವುದು ಅಲ್ಲೇ. ಆರು ತಿಂಗಳ ರೇಷನ್, ಕೋರ್ಟಿನ ದಿನ ತಪ್ಪಿದ ಕೂಲಿ, ಬಸ್ ಚಾರ್ಜು, ಮಕ್ಕಳ ಶಾಲೆ, ಇವನ್ನು ನೀವು ನೋಡಿಕೊಳ್ಳಿ.

ಅಡುಗೆ ಮಾಡುವ ಹೆಂಗಸರು ಏನು ಮಾಡಿಯಾರು ಅಂತ ಯಾರಾದರೂ ಅಂದರೆ ಅವರಿಗೆ ಜಾರ್ಜಿಯಾ ಗಿಲ್ಮೋರ್ ಕತೆ ಹೇಳಿ. 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್ಗೊಮೆರಿ ಊರಿನ ಕರಿಯ ಜನ ಬಸ್ ಹತ್ತುವುದನ್ನು ನಿಲ್ಲಿಸಿದರು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟು ಏಳಬೇಕಿತ್ತಲ್ಲ, ಅದರ ವಿರುದ್ಧ. 381 ದಿನ ನಡೆಯಿತು ಆ ಬಹಿಷ್ಕಾರ. ಸಭೆ ಸೇರುತ್ತಿದ್ದದ್ದು ಚರ್ಚುಗಳಲ್ಲಿ. ಕೆಲಸಕ್ಕೆ ಹೋಗುವವರನ್ನು ಕರೆದೊಯ್ಯಲು ಚರ್ಚುಗಳ ಹೆಸರಿನಲ್ಲೇ ಗಾಡಿಗಳನ್ನು ಕೊಂಡರು. ಅದಕ್ಕೆಲ್ಲ ಹಣ ಬೇಕಲ್ಲ? ಗಿಲ್ಮೋರ್ ಅಡುಗೆ ಕೆಲಸದ ಹೆಂಗಸು. ಅವರೂ ಅವರ ಗೆಳತಿಯರೂ ಮನೆಯಲ್ಲಿ ಕೇಕು, ಕೋಳಿ ಸ್ಯಾಂಡ್‌ವಿಚ್ ಮಾಡಿ ಮಾರಿ ಬಂದ ದುಡ್ಡನ್ನು ಸಭೆಗೆ ತಂದು ಕೊಡುತ್ತಿದ್ದರು. ಹಣ ಎಲ್ಲಿಂದ ಬಂತು ಅಂದರೆ 'ಎಲ್ಲಿಂದಲೂ ಇಲ್ಲ' ಅನ್ನುವುದು. ತಮ್ಮ ಗುಂಪಿಗೆ ಆ ಹೆಸರನ್ನೇ ಇಟ್ಟುಕೊಂಡಿದ್ದರು. ಯಾಕಂದ್ರೆ ಕೊಂಡವರ, ಮಾಡಿದವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುತ್ತಿತ್ತು. ಗಿಲ್ಮೋರ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದ್ದಕ್ಕೆ ಅವರ ಕೆಲಸ ಹೋಗಿಯೇಹೋಯಿತು. ಆಮೇಲೆ ಅವರು ತಮ್ಮ ಮನೆಯ ಅಡುಗೆಮನೆಯಲ್ಲೇ ಊಟ ಬಡಿಸುವುದನ್ನು ಶುರು ಮಾಡಿದರು. ನಿಮ್ಮ ಚಕ್ಕುಲಿ ಕೋಡುಬಳೆಗೂ ಆ ಶಕ್ತಿ ಇದೆ.

ಇನ್ನೊಂದು ಮಾತು. ಜಿಲ್ಲೆಯಲ್ಲೂ ಉಪವಿಭಾಗದಲ್ಲೂ ಜೀತದ ಬಗ್ಗೆ ಜಾಗೃತಿ ಸಮಿತಿ ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜ ಸೇವೆಯ ಇಬ್ಬರು ಅದರಲ್ಲಿರಬೇಕು. ನಿಮ್ಮ ಕಡೆ ಆ ಸಮಿತಿ ಇದೆಯಾ, ಕೊನೆಯ ಸಭೆ ಯಾವತ್ತು ನಡೆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿಯ ಅರ್ಜಿ.

ಅಮ್ಮಾ, ನಾನು ದಲಿತ. ಎಂ.ಎ. ಓದುತ್ತಿದ್ದೇನೆ. ನಮ್ಮ ಅಪ್ಪನನ್ನು ಊರ ಹೊರಗಿಟ್ಟದ್ದು ಧರ್ಮವೇ. ನಮ್ಮೂರಲ್ಲಿ ಬಡ್ಡಿಗೆ ಕೊಡುವವನೇ ಗುಡಿಯ ಧರ್ಮದರ್ಶಿ. ಅಂಥದ್ದರಲ್ಲಿ ಧಾರ್ಮಿಕ ಜನ ನಮ್ಮ ಹೋರಾಟಕ್ಕೆ ಬೆಂಬಲ ಕೊಡುತ್ತಾರೆ ಅನ್ನುವ ಮಾತು ನನಗೆ ಕೋಪ ತರಿಸುತ್ತದೆ.
— ವಿದ್ಯಾರ್ಥಿ, ಕೋಲಾರ

ತಮ್ಮಾ, ನೀನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನಿನ್ನ ಕೋಪವನ್ನು ಸಮಾಧಾನ ಮಾಡಲು ಇದನ್ನು ಬರೆಯುತ್ತಿಲ್ಲ.

ನನ್ನ ಮನೆಯದ್ದನ್ನೇ ಹೇಳುತ್ತೇನೆ. ನಮ್ಮದು ಶರಣರ ಮನೆತನ ಅಂತ ಹೆಮ್ಮೆ. ಅಜ್ಜ ಸಂಜೆ ಹೊತ್ತು ವಚನ ಹೇಳುತ್ತಿದ್ದರು, ನಮ್ಮಿಂದಲೂ ಹೇಳಿಸುತ್ತಿದ್ದರು. ಅದೇ ಮನೆಯ ಕೊಟ್ಟಿಗೆಯ ಸೂರಿನಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ ಸಿಕ್ಕಿಸಿಟ್ಟಿರುತ್ತಿತ್ತು. ಅದು ನಮ್ಮ ಮನೆಯ ಆಳಿನದು. ಅವನು ಹುಡುಗನಾಗಿದ್ದಾಗ ಬಂದವನು, ಮುದುಕನಾಗುವವರೆಗೂ ಇದ್ದ. ನಮ್ಮಜ್ಜಿ ಮೇಲಿಂದ ಆ ತಟ್ಟೆಗೆ ಮುದ್ದೆ ಹಾಕುತ್ತಿದ್ದರು. ತಟ್ಟೆಯನ್ನು ಅವನೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕಿತ್ತು. ನಾವು ಅದನ್ನು ಜೀತ ಅಂತ ಕರೆಯುತ್ತಿರಲಿಲ್ಲ. 'ಮನೆಯವನ ಥರ' ಅನ್ನುತ್ತಿದ್ದೆವು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವಯ್ಯನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಶರಣರು ಪ್ರಾಣ ಕೊಟ್ಟರು ಅಂತ ಕತೆ ಕೇಳುತ್ತಾ ಬೆಳೆದೆವಲ್ಲ, ಆ ತಟ್ಟೆ ನಮ್ಮ ತಲೆಯ ಮೇಲೆಯೇ ಇತ್ತು. ನನಗೆ ಅದು ಕಂಡದ್ದು ನಲವತ್ತು ದಾಟಿದ ಮೇಲೆ.

ಹಾಗಾಗಿ ನಮ್ಮಂಥವರು ನಿಮ್ಮ ಹೋರಾಟಕ್ಕೆ ಬರುವಾಗ ಉಪಕಾರ ಮಾಡಲು ಬರಬಾರದು. ನಮ್ಮ ಮೇಲೆ ಋಣ ಇದೆ ಅಂತ ತಿಳಿದು ಬರಬೇಕು. ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಅದೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಬಸವಣ್ಣನವರ ಕಾಲದ ಆ ಮಾತನ್ನು ನಾವು ಅನ್ನ ಬಡಿಸುವುದಕ್ಕಷ್ಟೇ ಸೀಮಿತ ಮಾಡಿಬಿಟ್ಟೆವು.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಅಂತ ಹೇಳಿದರು. 21 ವರ್ಷ ಯೋಚಿಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಅವರು ಧರ್ಮವನ್ನೇ ಬಿಡಲಿಲ್ಲ, ಮನುಷ್ಯನನ್ನು ಮನುಷ್ಯ ಅಂತ ಕಾಣುವ ಧರ್ಮ ಹುಡುಕಿದರು. ಮನುಷ್ಯರ ವ್ಯಾಪಾರ ಮಾಡಬಾರದು ಅಂತ ಬುದ್ಧ ತನ್ನ ಗೃಹಸ್ಥ ಶಿಷ್ಯರಿಗೆ ಹೇಳಿದ್ದ. ನಿಮ್ಮ ಜಿಲ್ಲೆಯವರೇ ಆದ ಬೆಜವಾಡ ವಿಲ್ಸನ್ ಅವರನ್ನು ನೋಡು. ಹುಟ್ಟಿದ್ದು ಕೆಜಿಎಫ್‌ನಲ್ಲಿ. ಅವರ ಮನೆಯವರೇ ಮಲ ಹೊರುವ ಕೆಲಸದಲ್ಲಿದ್ದರು. ಚಿನ್ನ ತೆಗೆಯುವ ಊರಿನಲ್ಲಿ ಮನುಷ್ಯರು ಬಕೆಟಿನಲ್ಲಿ ಮಲ ಹೊರುತ್ತಿದ್ದರು. ಅವರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಆಂದೋಲನದ ಮುಂದೆ ನಿಂತವರು ಆ ಬಕೆಟ್ ಹೊತ್ತವರು ಮತ್ತು ಅವರ ಮಕ್ಕಳು. ಉಳಿದವರು ಹಿಂದೆ. ಹಾಗೇ ಇರಬೇಕು.

ಆ ಧರ್ಮದರ್ಶಿಯ ಮಾತಿಗೆ ಬಂದರೆ, ಅವನನ್ನು ಕೇಳಬೇಕಾದದ್ದು ನೀನಲ್ಲ. ಅದೇ ಗುಡಿಗೆ ಹೋಗುವ ನಾವು. ದಲಿತರ ಕೇರಿಗೆ ಬಂದು ಪ್ರೀತಿ ತೋರಿಸುವುದು ಸುಲಭ. ನಮ್ಮ ಕಮಿಟಿ ಸಭೆಯಲ್ಲಿ ಎದ್ದು ನಿಂತು, ಜೀತಕ್ಕೆ ಇಟ್ಟುಕೊಂಡವರ ಹಣ ದೇವರ ಹುಂಡಿಗೆ ಬೇಡ ಅನ್ನುವುದು ಕಷ್ಟ. ಇದನ್ನು ಓದುವ ಗುಡಿ ಕಮಿಟಿಯವರು ಯಾರಾದರೂ ಆ ಮಾತು ಎತ್ತಿ, ಏನಾಯಿತು ಅಂತ ನನಗೆ ಬರೆಯಿರಿ.

ಮೇಡಂ, ನಮ್ಮ ಬಡಾವಣೆಯಲ್ಲಿ ಮ್ಯಾನ್‌ಹೋಲ್‌ಗೆ ಇಳಿದು ಒಬ್ಬರು ತೀರಿಕೊಂಡರು. ಮಸೀದಿ ಕಮಿಟಿಯಿಂದ ಆ ಕುಟುಂಬಕ್ಕೆ 20 ಸಾವಿರ ಕೊಟ್ಟೆವು. ಅವರು ನಮ್ಮವರಲ್ಲ, ಹಾಗಾಗಿ ಕೆಲವು ಹಿರಿಯರಿಗೆ ಸಮಾಧಾನ ಇಲ್ಲ. ಇನ್ನೇನು ಮಾಡಬಹುದು?
— ಕಮಿಟಿ ಕಾರ್ಯದರ್ಶಿ, ಕಲಬುರಗಿ

ಅಣ್ಣಾ, ನೀವು ಕೊಟ್ಟದ್ದು ಒಳ್ಳೆಯದಾಯಿತು. ಹಿರಿಯರಿಗೆ ಹೇಳಿ, ಜಕಾತ್, ಅಂದರೆ ಕಡ್ಡಾಯ ದಾನ, ಯಾರಿಗೆ ಸಲ್ಲಬೇಕು ಅಂತ ಕುರಾನ್ ಎಣಿಸುವ ಎಂಟು ಬಗೆಯವರಲ್ಲಿ ದಾಸ್ಯದಿಂದ ಬಿಡುಗಡೆಯಾಗಬೇಕಾದವರೂ ಇದ್ದಾರೆ, ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಬೇರೆ ಧರ್ಮದವರಿಗೆ ಕೊಡಬೇಕಾದದ್ದು ಜಕಾತ್ ಹಣವೋ, ಸ್ವಇಚ್ಛೆಯಿಂದ ಕೊಡುವ ಸದಕಾ ಹಣವೋ ಅನ್ನುವುದನ್ನು ಧರ್ಮ ಓದಿಕೊಂಡಿರುವ ನಿಮ್ಮ ಆಲಿಮರನ್ನೇ ಕೇಳಿ. ಅದು ನಾನು ಹೇಳುವ ಮಾತಲ್ಲ.

ಆದರೆ ಆ ಮನೆಯವರಿಗೆ ನಿಮ್ಮ 20 ಸಾವಿರಕ್ಕಿಂತ ಬಹಳ ದೊಡ್ಡ ಹಕ್ಕಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಹೇಳಿದೆ. 2014ರಲ್ಲಿ ಅದೇ ಕೋರ್ಟು 10 ಲಕ್ಷ ಅಂದಿತ್ತು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣೆ ಇಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದೇ ಅಪರಾಧ. ಇಂಥ ಸಾವಿನ ಮಾರನೇ ದಿನವೇ ಗುತ್ತಿಗೆದಾರನ ಕಡೆಯವರು ಬಂದು ಎರಡೋ ಮೂರೋ ಲಕ್ಷ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನೋಡುತ್ತಾರೆ. ಆ ಒಂದು ವಾರ ಆ ಮನೆಯಲ್ಲಿ ಯಾರಾದರೂ ಇರಬೇಕು. ಎಫ್‌ಐಆರ್‌ನಲ್ಲಿ ಯಾವ ಕಾಯ್ದೆ ಹಾಕಿದ್ದಾರೆ, ಸತ್ತವರು ಪರಿಶಿಷ್ಟ ಜಾತಿಯವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಇದೆಯಾ, ಮರಣೋತ್ತರ ವರದಿಯ ಪ್ರತಿ ಸಿಕ್ಕಿತಾ ಅಂತ ನೋಡಬೇಕು. ನಿಮ್ಮ ಜಮಾತಿನಲ್ಲಿ ವಕೀಲರಿದ್ದರೆ ಅವರ ಸಮಯ ಕೇಳಿ. ಅದು ಹಣಕ್ಕಿಂತ ಬೆಲೆಯುಳ್ಳದ್ದು.

ಆಮೇಲೆ ನಿಮ್ಮ ಮಸೀದಿಯ, ನಿಮ್ಮ ಮನೆಗಳ ಪಿಟ್ ಗುಂಡಿ ತುಂಬಿದಾಗ ಯಾರನ್ನು ಕರೆಯುತ್ತೀರಿ? ಯಂತ್ರವನ್ನೋ ಮನುಷ್ಯನನ್ನೋ? ಶುಕ್ರವಾರದ ನಮಾಜಿನ ನಂತರ ಇದೊಂದು ಮಾತು ಹೇಳಿಸಿ. ಬೇರೆ ಗುಡಿ, ಚರ್ಚುಗಳಿಗೂ ಇದೇ ಪ್ರಶ್ನೆ.

ನಾವು ಚರ್ಚಿನ ಯುವಜನ. ನಾವು ಹೋದರೆ 'ಮತಾಂತರಕ್ಕೆ ಬಂದಿದ್ದಾರೆ' ಅನ್ನುತ್ತಾರೆ. ಸುಮ್ನೆ ದೂರ ಇರೋದೇ ವಾಸಿ ಅಲ್ವಾ?
— ಶಿವಮೊಗ್ಗ

ದೂರ ಇರಬೇಡಿ. ಒಬ್ಬರೇ ಹೋಗಬೇಡಿ, ಅಷ್ಟೇ. ಊರಿನ ಮಠದವರನ್ನು, ಮಸೀದಿಯವರನ್ನು, ಬುದ್ಧ ವಿಹಾರದವರನ್ನು ಕೇಳಿ, ಜೊತೆಯಾಗಿ ಹೋಗಿ. ಅರ್ಜಿ ಕೂಲಿಯವರ ಸಂಘದ ಹೆಸರಿನಲ್ಲೇ ಇರಲಿ, ನಿಮ್ಮ ಚರ್ಚಿನ ಹೆಸರು ಬೋರ್ಡಿನಲ್ಲಿ ಬೇಡ. ಬಿಡುಗಡೆ ಪತ್ರದ ಜೊತೆ ಕರಪತ್ರ ಕೊಡಬೇಡಿ. ಕಷ್ಟದಲ್ಲಿರುವವರಿಗೆ ಅಕ್ಕಿ ಕೊಟ್ಟು ಪ್ರಾರ್ಥನೆಗೆ ಕರೆದರೆ ಅವರು ಬೇಡ ಅನ್ನಲಾರರು, ಅದಕ್ಕೇ ಕರೆಯಬಾರದು. ದಾಸನನ್ನು ಬಿಡುಗಡೆ ಮಾಡಿ ಕಳಿಸುವಾಗ ಬರಿಗೈಯಲ್ಲಿ ಕಳಿಸಬೇಡ ಅಂತ ನಿಮ್ಮ ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಇದೆ. ಆ ಒಂದು ಮಾತನ್ನು ನಡೆಸಿದರೆ ನೀವು ಯಾರೆಂದು ಹೇಳಿಕೊಳ್ಳಬೇಕಾಗುವುದಿಲ್ಲ.

ಅಕ್ಕ, ನಾನು ಹಾಸನದವನು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಸತ್ಸಂಗದ ಗೆಳೆಯರು ಊರಿನ ಇಂಥ ಸಂಘಟನೆಗಳಿಗೆ ಹಣ ಕಳಿಸಬೇಕು ಅಂದುಕೊಂಡಿದ್ದೇವೆ. ಹೇಗೆ ಕಳಿಸೋದು? ರಜೆಯಲ್ಲಿ ಬಂದು ಕೆಲಸವನ್ನೂ ಮಾಡುತ್ತೇವೆ.
— ನ್ಯೂಜೆರ್ಸಿ

ಮೊದಲು ಹಣದ ವಿಷಯ. ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ನಿಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಸತ್ಸಂಗದ ಹೆಸರಿನಲ್ಲಿ ಕಳಿಸಿದರೂ ಅಷ್ಟೇ. ಅಂಥ ಹಣವನ್ನು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ನೋಂದಣಿ ಇರುವ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. 2020ರ ತಿದ್ದುಪಡಿ ಆದಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದು ಸಣ್ಣ ಸಂಘಕ್ಕೆ ಹಂಚುವ ಹಾಗಿಲ್ಲ. ಹಳ್ಳಿಯ ಸಣ್ಣ ಸಂಘಗಳಿಗೆ ಇದರಿಂದ ಬಹಳ ಪೆಟ್ಟಾಗಿದೆ. ಆತುರದಲ್ಲಿ ಯಾರದ್ದೋ ಖಾತೆಗೆ ಹಾಕಿಬಿಟ್ಟರೆ ತೊಂದರೆ ನಿಮಗಲ್ಲ, ಇಲ್ಲಿರುವವರಿಗೆ. ಒಬ್ಬ ಆಡಿಟರನ್ನು ಕೇಳಿಯೇ ಕಳಿಸಿ.

ಹೇಗೆ ಜೊತೆಯಾಗಬೇಕು ಅನ್ನುವುದಕ್ಕೆ ನಿಮ್ಮ ಅಮೆರಿಕದ್ದೇ ಒಂದು ಮಾದರಿ ಇದೆ. ಅಲ್ಲಿ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಅನ್ನುವ ಸಣ್ಣ ಧಾರ್ಮಿಕ ಸಮುದಾಯ ಇದೆ. ಹೋಲ್ಡೀನ್ ಎಂಬ ನ್ಯೂಯಾರ್ಕಿನ ವಕೀಲರು ಬಿಟ್ಟುಹೋದ ಹಣದಿಂದ ಅವರು 1980ರ ದಶಕದಿಂದ ಇಲ್ಲಿನ ಸಂಘಟನೆಗಳಿಗೆ ನೆರವು ಕೊಡುತ್ತಾ ಬಂದರು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ ದುಡಿಯುವ ಹೆಂಗಸರ ಸಂಘ 'ಸೇವಾ', ಠಾಣೆ ಜಿಲ್ಲೆಯಲ್ಲಿ ಆದಿವಾಸಿ ಜೀತದಾಳುಗಳನ್ನು ಬಿಡಿಸಿದ ಶ್ರಮಜೀವಿ ಸಂಘಟನೆ, ಇಂಥವು. ಈ ಸಂಘಟನೆಗಳ ಹೆಸರಿನ ಮುಂದೆ ಅವರ ಚರ್ಚಿನ ಹೆಸರು ಎಲ್ಲೂ ಇಲ್ಲ. ನನಗೆ ಇಷ್ಟವಾದದ್ದು ಅದೇ.

ಅದೇ ಸಮುದಾಯದ ಜೇಮ್ಸ್ ರೀಬ್ ಅನ್ನುವ ಪಾದ್ರಿ 1965ರ ಮಾರ್ಚಿನಲ್ಲಿ ಸೆಲ್ಮಾ ಊರಿಗೆ ಹೋದರು. ಕರಿಯರ ಮತದ ಹಕ್ಕಿಗಾಗಿ ನಡೆದ ಮೆರವಣಿಗೆಗೆ ಪೊಲೀಸರು ಹೊಡೆದಾಗ, ಧರ್ಮಗುರುಗಳೆಲ್ಲ ಬನ್ನಿ ಅಂತ ಮಾರ್ಟಿನ್ ಲೂಥರ್ ಕಿಂಗ್ ಕರೆದಿದ್ದರು. ರೀಬ್ ಬಂದರು, ಬಂದ ದಿನವೇ ಸಂಜೆ ಬಿಳಿಯರ ಗುಂಪೊಂದು ದೊಣ್ಣೆಯಿಂದ ಹೊಡೆಯಿತು, ಎರಡು ದಿನಕ್ಕೆ ತೀರಿಕೊಂಡರು. ಇಡೀ ದೇಶ ಮರುಗಿತು. ಅಧ್ಯಕ್ಷರೇ ಅವರ ಹೆಂಡತಿಗೆ ಫೋನ್ ಮಾಡಿದರು. ಆದರೆ ಅದಕ್ಕೆ ಎರಡು ವಾರ ಮೊದಲು, ಅದೇ ಸೀಮೆಯ ಜಿಮ್ಮಿ ಲೀ ಜ್ಯಾಕ್ಸನ್ ಅನ್ನುವ ಕರಿಯ ಯುವಕ ಪೊಲೀಸ್ ಗುಂಡಿಗೆ ಸತ್ತಿದ್ದ. ಅವನಿಗಾಗಿ ದೇಶ ಅಷ್ಟು ಮರುಗಲಿಲ್ಲ. ಮೆರವಣಿಗೆ ಶುರುವಾದದ್ದೇ ಅವನ ಸಾವಿನಿಂದ. ರೀಬ್ ಅವರ ತ್ಯಾಗ ಸಣ್ಣದಲ್ಲ. ಆದರೆ ಹೊರಗಿನಿಂದ ಬಂದವರ ಮೇಲೆಯೇ ಬೆಳಕು ಬೀಳುತ್ತದೆ ಅನ್ನುವುದನ್ನು ಹೊರಗಿನಿಂದ ಬರುವವರು ಮರೆಯಬಾರದು.

ರಜೆಯಲ್ಲಿ ಬಂದರೆ ಹತ್ತು ದಿನದಲ್ಲಿ ಹಳ್ಳಿಯಲ್ಲಿ ನೀವು ಮಾಡಬಹುದಾದ ಕೆಲಸ ಕಡಿಮೆ. ಕೇಳಿಸಿಕೊಳ್ಳುವುದಕ್ಕೆ ಬನ್ನಿ. ಫೋಟೊ ಹಾಕುವ ಮುಂಚೆ ಅವರನ್ನು ಕೇಳಿ. ಧನಿಗಳೂ ಫೇಸ್‌ಬುಕ್ ನೋಡುತ್ತಾರೆ. ಹೋದಮೇಲೆ ಐದು ವರ್ಷ, ಪ್ರತಿ ವರ್ಷ ಅಷ್ಟೇ ಹಣ, ತಪ್ಪದೆ ಕಳಿಸಿ. ಒಂದೇ ಸಲ ದೊಡ್ಡ ಮೊತ್ತ ಬೇಡ. ಅವರು ಅದನ್ನು ಕಾರ್ಯಕರ್ತರ ಸಂಬಳಕ್ಕೆ, ಬಸ್ ಚಾರ್ಜಿಗೆ, ಬಾಡಿಗೆಗೆ ಖರ್ಚು ಮಾಡಿದರೆ ಬೇಸರ ಮಾಡಿಕೊಳ್ಳಬೇಡಿ. ಹೋರಾಟ ನಿಲ್ಲುವುದು ಬಸ್ ಚಾರ್ಜಿಲ್ಲದೆಯೇ.

ಅಮ್ಮ, ನಾನು ಪೌರಕಾರ್ಮಿಕಳು. ಪತ್ರ ಮಗಳ ಕೈಲಿ ಬರೆಸಿದ್ದೀನಿ. ಹಬ್ಬಕ್ಕೆ ಮಠದೋರು, ಸಂಘದೋರು ನಮ್ಮ ಓಣಿಗೆ ಬಂದು ಸೀರೆ ಕೊಡ್ತಾರೆ, ಹಾರ ಹಾಕ್ತಾರೆ, ಕಾಲು ತೊಳೀತಾರೆ, ಫೋಟೊ ತೆಗೀತಾರೆ. ಸಂಬಳ ಮೂರು ತಿಂಗಳಿಂದ ಬಂದಿಲ್ಲ. ಅವರಿಗೆ ಬೇಡ ಅಂತ ಹೇಗೆ ಹೇಳೋದು?

ನಿಮ್ಮ ಪತ್ರ ಕೊನೆಗೆ ಇಟ್ಟುಕೊಂಡೆ, ಯಾಕಂದ್ರೆ ಮೇಲಿನವರೆಲ್ಲ ಇದನ್ನು ಓದಲಿ ಅಂತ.

ಸೀರೆ ಬೇಕಿದ್ದರೆ ಇಸಿದುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಕಾಲು ತೊಳೆಯುವುದು ಬೇಡ ಅನ್ನಿಸಿದರೆ ಬೇಡ ಅನ್ನಿ. ಒಬ್ಬರೇ ಹೇಳಬೇಡಿ, ಓಣಿಯವರೆಲ್ಲ ಮೊದಲೇ ಮಾತಾಡಿಕೊಂಡು ಹೇಳಿ. ಆಮೇಲೆ ಅವರಿಗೆ ಒಂದು ಕೆಲಸ ಕೊಡಿ. 'ಸ್ವಾಮಿ, ನಮ್ಮ ಸಂಬಳದ ಅರ್ಜಿ ಹಿಡಕೊಂಡು ಸೋಮವಾರ ನಾವು ಆಫೀಸಿಗೆ ಹೋಗ್ತೀವಿ. ನೀವೂ ಬಂದು ನಮ್ಮ ಜೊತೆ ಕೂರಿ' ಅಂತ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕೂತಾಗ, ಕೆಲಸ ಕಾಯಂ ಮಾಡುವ ಮಾತಿಗೆ ಸರ್ಕಾರ ಬಂತಲ್ಲ, ಅದು ನಿಮ್ಮವರೇ ಒಟ್ಟಾಗಿ ಕೂತದ್ದರಿಂದ. ನಿಮ್ಮ ಊರಿನ ಪೌರಕಾರ್ಮಿಕರ ಸಂಘ ಯಾವುದು ಅಂತ ಮಗಳ ಕೈಲಿ ಇನ್ನೊಂದು ಪತ್ರ ಬರೆಸಿ. ಮೂರು ತಿಂಗಳ ಹಾಜರಿ ಪುಸ್ತಕದ ಫೋಟೊ, ಪಿಎಫ್ ಚೀಟಿ ಇದ್ದರೆ ಅದನ್ನೂ ಜೋಡಿಸಿಟ್ಟುಕೊಳ್ಳಿ.

ಸೋಮವಾರ ಯಾರು ಬರುತ್ತೇವೆ ಅಂದರು, ಯಾರು ಬಂದರು ಅಂತಲೂ ಬರೆಸಿ. ನನ್ನ ಊರಿಂದ ನಿಮ್ಮ ಊರಿಗೆ ಬೆಳಿಗ್ಗೆ ಆರೂವರೆಗೆ ಒಂದು ಬಸ್ಸಿದೆ, ಅಂಚೆ ಮುದ್ರೆ ನೋಡಿ ವಿಚಾರಿಸಿದ್ದೇನೆ. ನಿಮಗೆ ಒಪ್ಪಿಗೆಯಾದರೆ ನಾನೂ ಬರುತ್ತೇನೆ.